ಏಸಿ ಟ್ರೇಯ ನೀರು ಕೊನೆಗೂ ಇಳಿಯಿತು

ನಮ್ಮ ಮನೆಯದು ಅಟ್ಟದಲ್ಲಿ ಕೂತು ಎಲ್ಲ ಕೋಣೆಗೂ ತಂಪು, ಬಿಸಿ ಎರಡನ್ನೂ ಕಳಿಸುವ ಯಂತ್ರ. ತಂಪು ಮಾಡುವಾಗ ಗಾಳಿಯ ತೇವ ಕಾಯಿಲ್ (ತಣ್ಣಗಾಗುವ ಕೊಳವೆ ಸುರುಳಿ) ಮೇಲೆ ಹನಿಗಟ್ಟಿ ಟ್ರೇಗೆ ಬೀಳುತ್ತದೆ. ಅಲ್ಲಿಂದ ಮುಕ್ಕಾಲು ಇಂಚಿನ ಪಿವಿಸಿ ಪೈಪಿನಲ್ಲಿ ಹೊರಗೆ ಹೋಗಬೇಕು. ಹೋಗುತ್ತಿರಲಿಲ್ಲ. ಕೆಳಗಿನ ಸೀಲಿಂಗಿನಲ್ಲಿ ತಟ್ಟೆಯಗಲ ಕಲೆ ಮೂಡಿತು.

ಪೈಪಿನ ತುದಿಗೆ ನೀರೆಳೆಯುವ ವ್ಯಾಕ್ಯೂಮ್ ಹಿಡಿದು ಎಳೆದೆ. ಮೊದಲ ಸಲ ಕಂದು ಲೋಳೆ ಬಂತು, ಎರಡನೆಯ ಸಲ ಏನೂ ಇಲ್ಲ. ಪೈಪ್ ಚೊಕ್ಕಟವಾಗಿದ್ದರೂ ಟ್ರೇಯಲ್ಲಿ ನೀರು ನಿಂತೇ ಇತ್ತು. ಆದರೆ ಫ್ಯಾನ್ ಆಫ್ ಮಾಡಿದ್ದೇ ತಡ, ಗಳಗಳನೆ ಸುರಿದುಹೋಗುತ್ತಿತ್ತು. ಸುಳಿವು ಸಿಕ್ಕಿದ್ದು ಅಲ್ಲೇ. ಫ್ಯಾನ್ ಓಡುವಾಗ ಪೈಪಿನ ಬಾಯಿಗೆ ಟಿಶ್ಯೂ ಚೂರೊಂದನ್ನು ಹಿಡಿದು ನೋಡಿದೆ. ಕೈಬಿಟ್ಟರೂ ಬೀಳಲಿಲ್ಲ, ಬಾಯಿಗೆ ಅಂಟಿಕೊಂಡು ಮಧ್ಯಭಾಗ ಒಳಕ್ಕೆ ಗುಳಿಬಿತ್ತು.

ನಮ್ಮ ಯಂತ್ರದಲ್ಲಿ ಬ್ಲೋವರ್, ಅಂದರೆ ಆ ಫ್ಯಾನ್, ಇರುವುದು ಕಾಯಿಲ್‌ನ ಆಚೆಗೆ, ಗಾಳಿಯನ್ನು ಕಾಯಿಲ್ ಮೂಲಕ ಎಳೆಯುವಂತೆ. ಹಾಗಾಗಿ ಅದು ಓಡುವಾಗಲೆಲ್ಲ ಟ್ರೇ ಇರುವ ಜಾಗದಲ್ಲಿ ಸೆಳೆತ. ನೀರು ನಿಲ್ಲುವ ಯು ಬೆಂಡ್ ಇಲ್ಲದಿದ್ದರೆ ಹೊರಗಿನ ಗಾಳಿ ಪೈಪಿನಲ್ಲೇ ನುಗ್ಗಿ ಬಂದು ನೀರನ್ನು ತಡೆದು ನಿಲ್ಲಿಸುತ್ತದೆ. ಜೋಡಿಸಿದವರು ಅದನ್ನು ಹಾಕಿಯೇ ಇರಲಿಲ್ಲ. ಇಷ್ಟು ಸಣ್ಣ ತುಂಡು ಬಿಟ್ಟುಹೋದದ್ದಕ್ಕೆ ಸೀಲಿಂಗ್ ಹಾಳಾಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಮೇನ್ ಸ್ವಿಚ್ ಆಫ್ ಮಾಡಿ ಪೈಪ್ ಕತ್ತರಿಸಿ ಬೆಂಡ್ ಕೂರಿಸಿದೆ. ಇದರಲ್ಲಿ ಅಳತೆಯೇ ಮುಖ್ಯ. ಬ್ಲೋವರ್‌ನ ಸೆಳೆತ ಒಂದು ಇಂಚು ನೀರನ್ನು ಎತ್ತಿ ಹಿಡಿಯುವಷ್ಟಿದ್ದರೆ, ನೀರು ಹೊರಬೀಳುವ ಬದಿ ಒಳಬರುವ ಬದಿಗಿಂತ ಅದಕ್ಕೂ ಹೆಚ್ಚು ಕೆಳಗಿರಬೇಕು. ನಾನು ಎರಡು ಇಂಚು ಇಳಿಸಿದೆ. ಬೆಂಡ್ ದಾಟಿದ ಮೇಲೆ ಗಾಳಿಯಾಡಲು ಮೇಲ್ಮುಖವಾಗಿ ತೆರೆದ ಟೀ (ಮೂರು ಬಾಯಿಯ ಪೈಪ್ ತುಂಡು) ಒಂದನ್ನು ಹಾಕಿದೆ. ಬೆಂಡಿಗೆ ಮೊದಲೇ ಬರುವ ಟೀಗೆ ಮಾತ್ರ ಮುಚ್ಚಳ ಬಿಗಿಯಾಗಿರಬೇಕು, ಅದು ತೊಳೆಯುವುದಕ್ಕಷ್ಟೇ. ಉಳಿದ ಉದ್ದಕ್ಕೂ ರಸಮಟ್ಟ ಇಟ್ಟು ಅಡಿಗೆ ಕಾಲು ಇಂಚು ವಾಟ ಕೊಟ್ಟೆ. ಎರಡು ಕ್ಲಾಂಪ್‌ಗಳ ನಡುವೆ ಪೈಪ್ ಜೋತುಬಿದ್ದಿತ್ತು, ಪಾಚಿ ಕಟ್ಟುತ್ತಿದ್ದುದು ಅಲ್ಲೇ. ಅಲ್ಲಿ ಇನ್ನೊಂದು ಕ್ಲಾಂಪ್ ಹೊಡೆದೆ.

ಟ್ರೇಗೆ ಫ್ಲೋಟ್ ಸ್ವಿಚ್ ಕೂಡ ಹಾಕಿದೆ. ಪೈಪಿನ ಬಾಯಿ ಮುಚ್ಚಿ ಟ್ರೇಗೆ ನೀರು ಸುರಿದಾಗ ಯಂತ್ರ ತಾನಾಗಿ ನಿಂತಿತು, ಸಮಾಧಾನವಾಯಿತು.

ಬಿಸಿ ಮಾಡುವ ತಿಂಗಳುಗಳಲ್ಲಿ ನಮ್ಮ ಕಾಯಿಲ್‌ನಿಂದ ನೀರು ಬರುವುದಿಲ್ಲ, ಬೆಂಡಿನಲ್ಲಿದ್ದದ್ದೂ ಆರಿಹೋಗುತ್ತದೆ. ಅದಕ್ಕೇ ತಂಪು ಶುರುಮಾಡುವ ಮುನ್ನ ಮುಚ್ಚಳ ತೆಗೆದು ಒಂದು ಲೋಟ ನೀರು ಹೊಯ್ದು, ಟಿಶ್ಯೂ ಚೂರನ್ನು ಮತ್ತೊಮ್ಮೆ ಪೈಪಿನ ಬಾಯಿಗೆ ಹಿಡಿದು ನೋಡುತ್ತೇನೆ.