ಕುಂಡದ ಮಲ್ಲಿಗೆಗೆ ಸ್ವಲ್ಪ ಬಾಯಾರಿಕೆಯೂ ಬೇಕು

ಯುಗಾದಿ ಕಳೆದು ಎರಡು ವಾರ ಆಗಿತ್ತು. ತಮ್ಮನ ಮಗಳ ಮನೆಗೆ ಹೋಗಿದ್ದೆ. ಬಾಗಿಲು ತೆಗೆದವಳೇ "ಅತ್ತೆ, ನನ್ನ ಮಲ್ಲಿಗೆ ನೋಡಿ ಬನ್ನಿ" ಎಂದು ಬಾಲ್ಕನಿಗೆ ಎಳೆದುಕೊಂಡು ಹೋದಳು. ನೋಡಿದೆ. ಬಿಳಿ ಪಿಂಗಾಣಿ ಪಾಟು, ಕೆಳಗೊಂದು ತಟ್ಟೆ, ತಟ್ಟೆಯಲ್ಲಿ ನಿಂತ ನೀರು, ನೀರಲ್ಲಿ ಸೊಳ್ಳೆ ಮರಿ. ಗಿಡವೋ, ಹರಿವೆ ಸೊಪ್ಪಿನ ಹಾಗೆ ಕೊಬ್ಬಿ ನಿಂತಿದೆ. ಒಂದು ಮೊಗ್ಗಿಲ್ಲ. "ಎಲೆ ಎಷ್ಟು ಹಸಿರಾಗಿದೆ ನೋಡಿ" ಎಂದಳು. "ಎಲೆ ಮುಡಿಯುತ್ತೀಯಾ ಮಾರಾಯ್ತಿ?" ಎಂದು ಕೇಳಿಬಿಟ್ಟೆ. ಅವಳಿಗೆ ಬೇಜಾರಾಯಿತು. ಆಗಲಿ. ಇವಳೊಬ್ಬಳೇ ಅಲ್ಲ, ಈ ಬೆಂಗಳೂರಿನಲ್ಲಿ ನಾನು ನೋಡಿದ ಹತ್ತು ಮನೆಯಲ್ಲಿ ಎಂಟು ಮನೆಯ ಮಲ್ಲಿಗೆಯ ಕತೆ ಇದೇ. ಅದಕ್ಕೇ ಬರೆಯಲು ಕುಳಿತೆ.

ಮೊದಲು ಚಟ್ಟಿಯ ವಿಚಾರ. ನಮ್ಮ ಕಡೆ ಚಟ್ಟಿ ಎನ್ನುತ್ತೇವೆ, ನೀವು ಕುಂಡ ಎನ್ನಿ, ಪಾಟ್ ಎನ್ನಿ. ಅದಕ್ಕೆ ತೂತು ಇರಬೇಕು. ಇಷ್ಟು ಹೇಳುವುದಕ್ಕೂ ನನಗೆ ನಾಚಿಕೆ, ಆದರೆ ಹೇಳಲೇಬೇಕಾಗಿದೆ. ಅಗಲ 14 ಇಂಚಿಗಿಂತ ಕಡಿಮೆ ಬೇಡ. ಮಣ್ಣಿನದಾದರೆ ಒಳ್ಳೆಯದು, ಅದರ ಮೈ ಉಸಿರಾಡುತ್ತದೆ. ಕಪ್ಪು ಪ್ಲಾಸ್ಟಿಕ್ ಆದರೆ ಏಪ್ರಿಲ್ ಬಿಸಿಲಿಗೆ ಬೇರು ಬೇಯುತ್ತದೆ. ತೂತಿನ ಮೇಲೆ ಒಡೆದ ಹಂಚಿನ ಚೂರು ಬೋರಲು ಇಡಿ, ಮೇಲೆ ಒಂದು ಹಿಡಿ ತೆಂಗಿನ ನಾರು. ಕೆಂಪು ಮಣ್ಣು ಒಂದನ್ನೇ ತುಂಬಬೇಡಿ. ನಾಲ್ಕು ನೀರು ಬಿದ್ದ ಮೇಲೆ ಅದು ಇಟ್ಟಿಗೆ. ಹಳೆಯ ಹಟ್ಟಿಗೊಬ್ಬರ, ಅಂದರೆ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಅಥವಾ ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ ಕಲಸಿ. ಎಷ್ಟೆಷ್ಟು ಎಂದು ಕೇಳಬೇಡಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಅಷ್ಟೇ ಲೆಕ್ಕ. ಗೊಬ್ಬರ ಹಳೆಯದೇ ಇರಲಿ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ, ಬೇರು ತಿನ್ನುವ ಗೊಣ್ಣೆಹುಳವೂ ಬರುತ್ತದೆ.

ಬಿಸಿಲು ಬೇಕು. ಬಾಲ್ಕನಿಯ ಬೆಳಕು ಸಾಲುವುದಿಲ್ಲ, ನೇರ ಬಿಸಿಲು ದಿನಕ್ಕೆ 6 ಗಂಟೆಯಾದರೂ ಬೀಳಬೇಕು. ತಾರಸಿ ಇದ್ದರೆ ಅಲ್ಲಿಡಿ, ಎರಡು ಇಟ್ಟಿಗೆಯ ಮೇಲೆ ಎತ್ತಿ ಇಡಿ. ತಾರಸಿಯ ನಟ್ಟನಡುವೆ ಎಲ್ಲವನ್ನೂ ಗುಂಪು ಹಾಕಬೇಡಿ. ಗೋಡೆಯ ನೇರಕ್ಕೆ, ಅಂಚಿನಲ್ಲಿ ಸಾಲಾಗಿ ಇಟ್ಟರೆ ಮನೆಗೂ ಭಾರವಿಲ್ಲ, ಹಪ್ಪಳ ಒಣಗಿಸಲೂ ಜಾಗ ಉಳಿಯುತ್ತದೆ.

ಹಪ್ಪಳ ಅಂದಾಗ ನೆನಪಾಯಿತು, ಇದೊಂದು ಹೇಳಿಬಿಡುತ್ತೇನೆ. ಹಲಸಿನ ಹಪ್ಪಳವನ್ನು ಮೊದಲ ಬಿಸಿಲಿಗೇ ಕಟಕಟ ಅನ್ನುವ ತನಕ ಬಿಟ್ಟು ಆಮೇಲೆ ಕೀಳಲು ಹೋಗುತ್ತೀರಿ. ಚೂರು ಚೂರು. ಅಂಚು ಸ್ವಲ್ಪ ಎದ್ದ ಕೂಡಲೇ ಮಗುಚಿ ಹಾಕಬೇಕು, ಮಾರನೆಯ ದಿನ ಪೂರ್ತಿ ಒಣಗಿಸಬೇಕು. ಇರಲಿ, ಮಲ್ಲಿಗೆಗೆ ಬರೋಣ.

ನಾನು ಹುಟ್ಟಿದ್ದು ಉಡುಪಿ ಹತ್ತಿರ, ಮಲ್ಲಿಗೆಗೆ ಹೆಸರಾದ ಶಂಕರಪುರಕ್ಕೆ ನಡೆದು ಹೋಗುವಷ್ಟು ದೂರದಲ್ಲಿ. ಮೈಸೂರು, ಹಡಗಲಿ, ಉಡುಪಿ, ಮೂರೂ ಕಡೆಯ ಮಲ್ಲಿಗೆಗೆ ಈಗ ಜಿಐ ಗುರುತು, ಅಂದರೆ ಇದು ಈ ಊರಿನದೇ ಎನ್ನುವ ಸರಕಾರಿ ಮುದ್ರೆ, ಸಿಕ್ಕಿದೆ. ಆಗ ನಮಗೆ ಅದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು ಮುಗಿಯಬೇಕು. ಅಮ್ಮ ಲಾಟೀನು ಹಿಡಿದು ಮುಂದೆ, ನಾವು ಮಕ್ಕಳು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಹಿಂದೆ. ಆಮೇಲೆ ಜಗಲಿಯಲ್ಲಿ ಕುಳಿತು ನೆನೆಸಿದ ಬಾಳೆನಾರಿನಲ್ಲಿ ಕಟ್ಟುವುದು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಷ್ಟು ಕಟ್ಟಿದ ಮೇಲೆ ಗಂಜಿ ಕುಡಿದು ಶಾಲೆ. ಆ ಹೂವು ಮುಂಬಯಿಗೆ ಹೋಗುತ್ತದೆ ಎಂದು ಅಪ್ಪ ಹೇಳಿದಾಗ, ನಾವು ಕಾಣದ ಊರನ್ನು ನಮ್ಮ ಹೂವು ಕಾಣುತ್ತದಲ್ಲಾ ಎಂದು ಹೊಟ್ಟೆಕಿಚ್ಚು.

ಆ ಅಮ್ಮ ಕಲಿಸಿದ ಒಂದು ಕೆಲಸವಿದೆ. ಇದನ್ನು ಮಾಡಲು ಯಾರಿಗೂ ಧೈರ್ಯ ಬರುವುದಿಲ್ಲ. ಗಿಡವನ್ನು ಬಾಯಾರಿಸಿ, ಬೋಳಿಸಿ, ಬುಡ ಬಿಡಿಸುವುದು.

ಯಾಕೆ ಎಂದು ಮೊದಲು ತಿಳಿದುಕೊಳ್ಳಿ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿಯನ್ನು ನೀವು ಎಷ್ಟು ಮುದ್ದು ಮಾಡಿದರೂ ಅದು ಎಲೆ ಕೊಡುತ್ತದೆ, ಹೂ ಕೊಡುವುದಿಲ್ಲ. ಹೊಸ ಚಿಗುರು ಒಟ್ಟಿಗೆ ನುಗ್ಗಿ ಬರಬೇಕಾದರೆ ಗಿಡ ಸ್ವಲ್ಪ ದಿನ ಮಲಗಿ ಏಳಬೇಕು. ನೀವೋ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು, ವಾರಕ್ಕೊಂದು ಚಮಚ ಬಿಳಿ ಗೊಬ್ಬರ. ಅದು ಯಾವಾಗ ಮಲಗಬೇಕು?

ಕಾರ್ತಿಕದ ದೀಪ ಮುಗಿಯಲಿ. ನವೆಂಬರ್ ಕೊನೆಯ ವಾರದ ಹೊತ್ತಿಗೆ ನೀರು ನಿಲ್ಲಿಸಿ. ನೆಲದ ಗಿಡಕ್ಕೆ ಜಾಸ್ತಿ ದಿನ ಬೇಕು, ಚಟ್ಟಿಯದಕ್ಕೆ ಹೆಚ್ಚು ಕಡಿಮೆ ಒಂದು ವಾರ ಸಾಕು. ದಿನ ಎಣಿಸಬೇಡಿ, ಗಿಡದ ಮುಖ ನೋಡಿ. ಮಧ್ಯಾಹ್ನ ಎಲೆ ಜೋತರೆ ಗಾಬರಿ ಬೇಡ, ಸಂಜೆಗೆ ಮತ್ತೆ ಏಳುತ್ತದೆ. ಬೆಳಿಗ್ಗೆ ಎದ್ದು ನೋಡಿದಾಗಲೂ ಜೋತೇ ಇದ್ದು, ಕೆಳಗಿನ ಎಲೆ ಹಳದಿಯಾಗಿ ಮುಟ್ಟಿದರೆ ಉದುರುತ್ತಿದ್ದರೆ ಸಾಕು. ಅದಕ್ಕಿಂತ ಮುಂದೆ ಹೋದರೆ ಕಡ್ಡಿ ಒಣಗುತ್ತದೆ. ಕಡ್ಡಿಯನ್ನು ಉಗುರಿನಲ್ಲಿ ಚೂರು ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ ಎಂದು ಲೆಕ್ಕ. ಆ ದಿನಗಳಲ್ಲಿ ಮಳೆ ಬಂದರೆ ಚಟ್ಟಿಯನ್ನು ಸೂರಿನ ಕೆಳಗೆ ಎಳೆದಿಡಿ. ಚಂಡಮಾರುತ ಬಂದು ಮೂರು ದಿನ ಸುರಿದರೆ ನಾನೂ ಸುಮ್ನೆ ಕುಳಿತುಬಿಡುತ್ತೇನೆ, ನಿಂತ ಮೇಲೆ ಮತ್ತೆ ಮೊದಲಿಂದ ಶುರು.

ಆಮೇಲೆ ಕತ್ತರಿ. ಹಾಲಿನ ಪ್ಯಾಕೆಟ್ ಕತ್ತರಿಸುವ ಮೊಂಡು ಕತ್ತರಿ ತರಬೇಡಿ, ಅದು ಕಡ್ಡಿಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡೆ ಕೊಳೆಯುತ್ತದೆ. ಹರಿತವಾದ ಕತ್ತರಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಮಣ್ಣಿನಿಂದ ಎರಡು ಗೇಣು ಬಿಟ್ಟು ಮೇಲಿನದನ್ನೆಲ್ಲ ತೆಗೆಯಿರಿ. ಹೌದು, ಎಲ್ಲವನ್ನೂ. ಪ್ರತಿ ಕಡ್ಡಿಯನ್ನೂ ಗೆಣ್ಣಿನ, ಅಂದರೆ ಎಲೆ ಹುಟ್ಟುವ ಗಂಟಿನ, ಸ್ವಲ್ಪ ಮೇಲೆ, ಓರೆಯಾಗಿ. ಹೊರಗೆ ಮುಖ ಮಾಡಿದ ಗೆಣ್ಣನ್ನು ಹುಡುಕಿ ಕತ್ತರಿಸಿದರೆ ಚಿಗುರು ಹೊರಗೆ ಹೋಗುತ್ತದೆ, ನಡುವೆ ಗಾಳಿ ಆಡುತ್ತದೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಪೆನ್ಸಿಲಿಗಿಂತ ತುಂಬ ತೆಳ್ಳಗಿನದು, ಬುಡದಿಂದಲೇ ಹೋಗಲಿ. ಉಳಿದ ಕಡ್ಡಿಗಳಲ್ಲಿ ಎಲೆ ಇದ್ದರೆ ಒಂದೊಂದಾಗಿ ಕೈಯಲ್ಲಿ ಬಿಡಿಸಿ. ಮೇಲಿನಿಂದ ಕೆಳಕ್ಕೆ ಸರ್ರನೆ ಎಳೆಯಬೇಡಿ, ಎಲೆಯ ಬುಡದಲ್ಲೇ ಚಿಗುರಿನ ಕಣ್ಣು ಮಲಗಿರುತ್ತದೆ, ಅದೂ ಕಿತ್ತು ಬರುತ್ತದೆ. ಎಲೆಯನ್ನು ಮೇಲ್ಮುಖವಾಗಿ ಮಡಚಿ ಚಿವುಟಿ. ಅಮ್ಮ ಇದನ್ನು ಮಾಡುವಾಗ ಮಾತಾಡುತ್ತಿರಲಿಲ್ಲ. ನಾನು ರೇಡಿಯೋ ಹಾಕಿಕೊಳ್ಳುತ್ತೇನೆ.

ಈಗ ಬುಡ. ಸಣ್ಣ ಕತ್ತಿಯ ತುದಿಯಿಂದ ಚಟ್ಟಿಯ ಅಂಚಿಗೆ ಸುತ್ತ ಎರಡು ಬೆರಳು ಆಳ ಮಣ್ಣು ಕೆದಕಿ ತೆಗೆಯಿರಿ. ಕೂದಲಿನಂಥ ಬೇರು ಒಂದಿಷ್ಟು ಹರಿಯುತ್ತದೆ, ಹರಿಯಲಿ. ಹಾಗೇ ಎರಡು ದಿನ ಬಿಸಿಲು ಕಾಣಿಸಿ. ಮೂರನೆಯ ದಿನ ಆ ಜಾಗಕ್ಕೆ ಹಳೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ತುಂಬಿ, ಕೆಳಗಿನ ತೂತಿನಿಂದ ಇಳಿಯುವ ತನಕ ನೀರು ಕೊಡಿ. ಅಷ್ಟು ದಿನ ಬಾಯಾರಿದ ಗಿಡ ಹೇಗೆ ಕುಡಿಯುತ್ತದೆ ಎಂದು ನೋಡಬೇಕು ನೀವು. ಮಣ್ಣು ಗುಳುಗುಳು ಅನ್ನುತ್ತದೆ.

ನಾನು ಮದುವೆಯಾಗಿ ಬಂದ ವರ್ಷ ಇಲ್ಲಿ ಹೀಗೆ ಮಾಡಿದೆ. ಸಂಜೆ ಬಂದು ನೋಡಿದ ನಮ್ಮತ್ತೆ "ಊರಿಂದ ತಂದ ಗಿಡವನ್ನು ಕೊಂದೆಯಲ್ಲೇ" ಎಂದು ಊಟ ಮಾಡದೆ ಮಲಗಿದರು. ಎರಡು ಮೂರು ವಾರದಲ್ಲಿ ಪ್ರತಿ ಗೆಣ್ಣಿನಲ್ಲೂ ಕೆಂಪು ಹಸಿರಿನ ಚಿಗುರು. ಯುಗಾದಿಗೆ ದೇವರಿಗೂ ಆಗಿ, ಅತ್ತೆಯ ತುರುಬಿಗೂ ಆಗಿ, ಪಕ್ಕದ ಮನೆಗೂ ಒಂದು ಮೊಳ ಹೋಯಿತು. ಆಮೇಲೆ ಪ್ರತಿ ವರ್ಷ ಕತ್ತರಿ ತೆಗೆದು ಕೊಡುತ್ತಿದ್ದವರು ಅವರೇ.

ಒಂದು ಎಚ್ಚರ. ಹೊಸದಾಗಿ ತಂದ ಸಸಿಗೆ ಈ ಶಿಕ್ಷೆ ಬೇಡ. ಒಂದು ವರ್ಷ ತುಂಬಲಿ. ಆ ತನಕ ತುದಿ ಮಾತ್ರ ಚಿವುಟುತ್ತಾ ಹೋಗಿ, ಕವಲು ಒಡೆಯುತ್ತದೆ. ತಮ್ಮನ ಮಗಳಂತೆ ಏಪ್ರಿಲ್‌ನಲ್ಲಿ ಎಚ್ಚರಾದವರು ಈಗ ಬೋಳಿಸಲು ಹೋಗಬೇಡಿ. ತುದಿಯಿಂದ ನಾಲ್ಕು ಬೆರಳು ಕತ್ತರಿಸಿ ಬಿಸಿಲಿಗೆ ಇಡಿ, ಇನ್ನೊಂದೂವರೆ ಎರಡು ತಿಂಗಳಿಗೆ ಏನಾದರೂ ಕಾಣಿಸೀತು. ಹೂ ಬಿಟ್ಟ ಕಡ್ಡಿಯನ್ನೂ ಹೂ ಮುಗಿದ ಕೂಡಲೇ ಎರಡು ಗೆಣ್ಣು ಕೆಳಕ್ಕೆ ಕತ್ತರಿಸುತ್ತಿರಿ, ಮಳೆಗಾಲದ ತನಕ ಮತ್ತೆ ಮತ್ತೆ ಹೂ ಬರುತ್ತದೆ.

ಚಿಗುರು ಬಂದ ಮೇಲೆ ಊಟ. ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ನೀರಲ್ಲಿ ಹಾಕಿ, ಮುಚ್ಚಿ, ಮೂರು ದಿನ ಇಡಿ. ನಾರುತ್ತದೆ. ಮೂಗು ಮುಚ್ಚಿಕೊಳ್ಳಿ. ಅದಕ್ಕೆ ಹತ್ತು ಪಾಲು ನೀರು ಬೆರೆಸಿ, ನೋಡಲು ನೀರುಮಜ್ಜಿಗೆಯ ಹಾಗಿರಬೇಕು. ಹದಿನೈದು ದಿನಕ್ಕೊಮ್ಮೆ, ಒದ್ದೆ ಮಣ್ಣಿಗೆ ಮಾತ್ರ. ಅಂಗಡಿಯ ಬಿಳಿ ಯೂರಿಯಾ ಹರಳು ಹಾಕಿದರೆ ಮತ್ತೆ ಎಲೆಯೇ ಬರುತ್ತದೆ.

ದಿನದ ನೀರಿಗೆ ಬೆರಳೇ ಅಳತೆ. ಮಣ್ಣಿಗೆ ಎರಡು ಗೆಣ್ಣು ತನಕ ಬೆರಳು ಇಳಿಸಿ. ಒದ್ದೆ ಹತ್ತಿದರೆ ವಾಪಸ್ ಒಳಗೆ ಬನ್ನಿ. ಒಣಗಿದ್ದರೆ ಧಾರಾಳ ಹಾಕಿ. ಮೊಗ್ಗು ಬರುವ ಬೇಸಗೆಯಲ್ಲಿ ಮಾತ್ರ ಬಾಯಾರಿಸಬೇಡಿ, ಮೊಗ್ಗು ಉದುರುತ್ತದೆ. ಬೋರ್‌ವೆಲ್ ಗಡಸು ನೀರೇ ಗತಿ ಎನ್ನುವವರ ಗಿಡದಲ್ಲಿ ಎಲೆ ಹಳದಿ, ನರ ಮಾತ್ರ ಹಸಿರು ಕಾಣುತ್ತದೆ. ಅದು ಕಬ್ಬಿಣ ಹತ್ತದ ಗುರುತು. ಮಳೆನೀರು ಹಿಡಿದು ಹಾಕಿ, ಗೊಬ್ಬರ ಜಾಸ್ತಿ ಮಾಡಿ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಸಣ್ಣ ತೂತು ಕಂಡರೆ ಒಳಗೆ ಹುಳ ಇದೆ. ಅಂಥದ್ದನ್ನು ಕಿತ್ತು ಗಿಡದ ಬುಡಕ್ಕೇ ಎಸೆಯುತ್ತೀರಲ್ಲ, ಅದು ಹುಳ ಸಾಕುವ ಕೆಲಸ. ಸೋಪಿನ ನೀರಲ್ಲಿ ಮುಳುಗಿಸಿ ಸಾಯಿಸಿ. ವಾರಕ್ಕೊಮ್ಮೆ ಸಂಜೆ ಬೇವಿನೆಣ್ಣೆಗೆ ಎರಡು ಹನಿ ಸೋಪು ಕಲಸಿದ ನೀರು ಚಿಮುಕಿಸಿ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ.

ಕೊಯ್ಯುವುದು ಬೆಳಿಗ್ಗೆ, ಹಸಿರು ಹೋಗಿ ಪೂರ್ತಿ ಬೆಳ್ಳಗಾಗಿ ಉಬ್ಬಿದ ಮೊಗ್ಗು. ಸಂಜೆಗೆ ಮನೆಯಲ್ಲಿ ಅರಳುತ್ತದೆ. ಎಳೆಯದನ್ನು ಕಿತ್ತರೆ ಅರಳುವುದೇ ಇಲ್ಲ. ಪ್ಲಾಸ್ಟಿಕ್ ಕವರಿಗೆ ತುಂಬಿ ಫ್ರಿಜ್ಜಿಗೆ ತಳ್ಳಬೇಡಿ, ಬೆವರಿ ಕಂದಾಗುತ್ತದೆ. ಬಾಳೆಲೆಯಲ್ಲಿ ಸುತ್ತಿ, ಇಲ್ಲವೇ ಹಿಂಡಿದ ಒದ್ದೆ ಬಟ್ಟೆಯಲ್ಲಿ ಇಡಿ.

ತಮ್ಮನ ಮಗಳು ಮೊನ್ನೆ ಫೋನ್ ಮಾಡಿದ್ದಳು. ಗಿಡವನ್ನು ಮಣ್ಣಿನ ಚಟ್ಟಿಗೆ ಬದಲಾಯಿಸಿ ತಾರಸಿಗೆ ಒಯ್ದಳಂತೆ. "ಆ ಪಿಂಗಾಣಿ ಪಾಟು ಏನು ಮಾಡಲಿ ಅತ್ತೆ, ದುಬಾರಿ ಅದು" ಎಂದಳು. ಅಡುಗೆಮನೆಯಲ್ಲಿ ಇಡು, ಈರುಳ್ಳಿ ಹಾಕಲು ಆಗುತ್ತದೆ ಎಂದೆ.