ಮಾತು ಕೇಳದ ಫ್ಯಾನ್

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪ್ರೊಸೆಸರ್ ಫ್ಯಾನ್ ಒಮ್ಮೆ ಭರ್ರನೆ ತಿರುಗಿ ಆಮೇಲೆ ಮೆತ್ತಗಾಗುವುದು ಮಾಮೂಲು. ನನ್ನದು ಮೆತ್ತಗಾಗುವುದನ್ನೇ ಮರೆತುಬಿಟ್ಟಿತ್ತು. ಏನೂ ಕೆಲಸ ಕೊಡದೆ ಸುಮ್ಮನೆ ಬಿಟ್ಟರೂ 2100 ಆರ್‌ಪಿಎಂ (ನಿಮಿಷಕ್ಕೆ 2100 ಸುತ್ತು), ವಿಡಿಯೋ ರೆಂಡರ್‌ಗೆ ಹಾಕಿದರೂ 2100. ಪ್ರೊಸೆಸರ್ 38 ಡಿಗ್ರಿಯಲ್ಲಿ ತಂಪಾಗಿ ಕೂತಿದ್ದಾಗಲೂ ಅದೇ ಸದ್ದು.

ಕ್ಯಾಬಿನೆಟ್ ಬಿಚ್ಚುವ ಸೋಮಾರಿತನದಿಂದ ಮೊದಲು ಕೈ ಹಾಕಿದ್ದು ಸಾಫ್ಟ್‌ವೇರಿಗೆ. ನಾನು ಬಳಸುವುದು ಲಿನಕ್ಸ್. ಅದರಲ್ಲಿ ಫ್ಯಾನಿಗೆ ಕೊಡುವ ಅಪ್ಪಣೆ ಎಂದರೆ ಒಂದು ಫೈಲಿನಲ್ಲಿರುವ 0ಯಿಂದ 255ರವರೆಗಿನ ಅಂಕಿ, ಅಷ್ಟೇ. ಜೊತೆಗಿರುವ ಎನೇಬಲ್ ಫೈಲಿನಲ್ಲಿ 1 ಅಂತ ಬರೆದರೆ ಹಿಡಿತ ನಮ್ಮ ಕೈಗೆ ಬರುತ್ತದೆ. ಮೊದಲ ನಂಬರಿನ ಪಿಡಬ್ಲ್ಯೂಎಂ (ಫ್ಯಾನಿನ ವೇಗ ಹಿಡಿತದಲ್ಲಿಡುವ ಸಿಗ್ನಲ್) ಫೈಲ್ ಪ್ರೊಸೆಸರ್ ಫ್ಯಾನಿನದ್ದೇ ಇರಬೇಕು ಎಂದುಕೊಂಡು ಅದರಲ್ಲಿ 80 ಬರೆದೆ. ಹಿಂಬದಿಯ ಕೇಸ್ ಫ್ಯಾನ್ ನಿಧಾನವಾಯಿತು! ಆ ನಂಬರುಗಳನ್ನು ನಂಬಿ ಕೂರಬೇಡಿ, ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್ ಫ್ಯಾನ್ ಎರಡನೆಯದಾಗಿರುತ್ತದೆ. ಎರಡನೆಯದಕ್ಕೂ 80 ಬರೆದೆ. ಫೈಲ್ ಅದನ್ನು ತೆಗೆದುಕೊಂಡಿತು, ಮತ್ತೆ ಓದಿದರೆ 80 ಅಂತಲೇ ತೋರಿಸಿತು. ಫ್ಯಾನ್ ಮಾತ್ರ 2100.

ಫ್ಯಾನಿನ ಜೊತೆ ಮಾತಾಡುವ ಸಾಫ್ಟ್‌ವೇರ್, ಅಂದರೆ ಡ್ರೈವರಿನಲ್ಲೇ ಏನೋ ಐಬಿದೆ ಎಂದು ಒಂದು ಇಡೀ ಸಂಜೆ ಅದರ ಹಿಂದೆ ಬಿದ್ದೆ. ಕೊನೆಗೆ ಬಯೋಸ್‌ಗೆ (ಮದರ್‌ಬೋರ್ಡಿನಲ್ಲೇ ಇರುವ ಸೆಟ್ಟಿಂಗ್ ಪರದೆ) ಹೋಗಿ ನೋಡಿದರೆ ಅಲ್ಲಿಯೂ 2100. ಸೈಲೆಂಟ್ ಪ್ರೊಫೈಲ್ ಹಾಕಿದೆ, ಬಿಸಿಗೆ ತಕ್ಕ ವೇಗ ಗೊತ್ತುಮಾಡುವ ಕರ್ವಿನ ಚುಕ್ಕಿಗಳನ್ನೆಲ್ಲ ತಳಕ್ಕೆ ಎಳೆದೆ, ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಆಪರೇಟಿಂಗ್ ಸಿಸ್ಟಂ ಇನ್ನೂ ಲೋಡ್ ಆಗುವ ಮೊದಲೇ ಹೀಗಿದ್ದರೆ ಡ್ರೈವರಿನ ತಪ್ಪೇನು ಬಂತು? ಇದನ್ನು ಮೊದಲೇ ನೋಡಿದ್ದರೆ ಆ ಸಂಜೆ ಉಳಿಯುತ್ತಿತ್ತು.

ನನ್ನನ್ನು ದಾರಿ ತಪ್ಪಿಸಿದ್ದು ಆ 2100 ಎಂಬ ಅಂಕಿಯೇ. ವೇಗ ಸರಿಯಾಗಿ ಕಾಣಿಸುತ್ತಿದೆ, ಅಂದಮೇಲೆ ಕೇಬಲ್ ಸರಿಯಿದೆ ಎಂದುಕೊಂಡಿದ್ದೆ. ಆದರೆ ನಾಲ್ಕು ಪಿನ್ನಿನ ಫ್ಯಾನಿನಲ್ಲಿ ನಾಲ್ಕು ವಯರಿಗೂ ಬೇರೆ ಬೇರೆ ಕೆಲಸ. ಕಪ್ಪು ಗ್ರೌಂಡ್, ಹಳದಿ 12 ವೋಲ್ಟ್. ಹಸಿರು ವಯರು ಫ್ಯಾನಿನಿಂದ ಬೋರ್ಡಿಗೆ ಸುದ್ದಿ ಒಯ್ಯುತ್ತದೆ, ಒಂದು ಸುತ್ತಿಗೆ ಎರಡು ಪಲ್ಸ್, ಅದನ್ನೆಣಿಸಿಯೇ ಆರ್‌ಪಿಎಂ ತೋರಿಸುವುದು. ನೀಲಿ ಬೋರ್ಡಿನಿಂದ ಫ್ಯಾನಿಗೆ ಅಪ್ಪಣೆ ತರುತ್ತದೆ: ಸೆಕೆಂಡಿಗೆ ಸುಮಾರು 25,000 ಸಲ ಆನ್-ಆಫ್ ಆಗುವ ಸಿಗ್ನಲ್ (ಪಿಡಬ್ಲ್ಯೂಎಂ ಎಂದರೆ ಇದೇ), ಆನ್ ಇರುವ ಪಾಲು ಹೆಚ್ಚಾದಷ್ಟೂ ವೇಗ ಹೆಚ್ಚು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದೂ ಸರಿಯಿದೆ ಅಂತಲ್ಲ. ಇನ್ನೊಂದು ವಿಷಯ, ನೀಲಿ ವಯರಿನಲ್ಲಿ ಏನೂ ಬರದಿದ್ದರೆ ಫ್ಯಾನ್ ನಿಲ್ಲುವುದಿಲ್ಲ, ಪೂರ್ತಿ ವೇಗದಲ್ಲಿ ಓಡುತ್ತದೆ. ಅದನ್ನು ಮಾಡಿರುವುದೇ ಹಾಗೆ, ವಯರು ಕಿತ್ತುಹೋದರೂ ಪ್ರೊಸೆಸರ್ ಬೇಯಬಾರದಲ್ಲ. ಅಂದರೆ ನನ್ನ ಫ್ಯಾನ್ ಹಟ ಮಾಡುತ್ತಿರಲಿಲ್ಲ, ಅದಕ್ಕೆ ನನ್ನ ಮಾತು ಕೇಳಿಸುತ್ತಲೇ ಇರಲಿಲ್ಲ ಎಂಬ ಗುಮಾನಿ ಹುಟ್ಟಿತು.

ಗುಮಾನಿಯನ್ನು ಪರೀಕ್ಷಿಸಲು ಬಯೋಸ್‌ನಲ್ಲಿ ಪ್ರೊಸೆಸರ್ ಫ್ಯಾನಿನ ಹೆಡರನ್ನು (ಬೋರ್ಡಿನಲ್ಲಿ ಫ್ಯಾನ್ ಚುಚ್ಚುವ ಪಿನ್ನುಗಳು) ಪಿಡಬ್ಲ್ಯೂಎಂನಿಂದ ಡಿಸಿ ಮೋಡ್‌ಗೆ ಬದಲಾಯಿಸಿದೆ. ಈ ಮೋಡಿನಲ್ಲಿ ಬೋರ್ಡ್ ನೀಲಿ ವಯರಿನ ತಂಟೆಗೇ ಹೋಗದೆ ಹಳದಿ ವಯರಿನ ವೋಲ್ಟೇಜನ್ನೇ ಇಳಿಸುತ್ತದೆ. ಮೂರು ಪಿನ್ನಿನ ಹಳೆಯ ಫ್ಯಾನುಗಳನ್ನು ಹೀಗೆಯೇ ನಿಧಾನ ಮಾಡುವುದು. ಸೇವ್ ಒತ್ತುವ ಮೊದಲೇ ಸದ್ದು ಇಳಿಯತೊಡಗಿತು, 1300ಕ್ಕೆ ಬಂದು ನಿಂತಿತು. ಮೋಟರ್ ಸರಿಯಿದೆ, ಬೋರ್ಡಿಗೆ ವೇಗ ಇಳಿಸುವ ಬುದ್ಧಿಯೂ ಇದೆ. ಕೆಟ್ಟಿರುವುದು ನಾಲ್ಕನೆಯ ದಾರಿ. (ಇದಕ್ಕೆ ತದ್ವಿರುದ್ಧವೂ ಉಂಟು. ಮೂರು ಪಿನ್ನಿನ ಫ್ಯಾನ್ ಹಾಕಿ ಮೋಡ್ ಪಿಡಬ್ಲ್ಯೂಎಂನಲ್ಲಿ ಬಿಟ್ಟಿದ್ದರೂ ಇದೇ ಗೋಳು, ಅಲ್ಲಿ ಮೋಡ್ ಬದಲಾಯಿಸಿದರೆ ಮುಗಿಯಿತು.) ಡಿಸಿಯಲ್ಲೇ ಬಿಟ್ಟುಬಿಡಬಹುದಿತ್ತು, ಆ ರಾತ್ರಿ ಬಿಟ್ಟೆ ಕೂಡ. ಆದರೆ ವೋಲ್ಟೇಜ್ ತೀರಾ ಇಳಿದರೆ ಫ್ಯಾನ್ ನಿಂತೇಬಿಡಬಹುದು, ಅದು ನನಗೆ ಹಿಡಿಸಲಿಲ್ಲ.

ಮರುದಿನ ಕ್ಯಾಬಿನೆಟ್ ಬಿಚ್ಚಿದೆ. ಮಲ್ಟಿಮೀಟರ್ ಇತ್ತು, ಆದರೆ ಕರೆಂಟ್ ಹರಿಯುತ್ತಿರುವ ಹೆಡರಿನಲ್ಲಿ ಅದರ ವಯರಿನ ಚೂಪು ತುದಿ ಜಾರಿ 12 ವೋಲ್ಟಿನ ಪಿನ್ನು ಪಕ್ಕದ್ದಕ್ಕೆ ತಾಗಿದರೆ ಫ್ಯಾನಿನ ಜೊತೆ ಬೋರ್ಡಿಗೂ ತಿಥಿ. ಅದಕ್ಕಿಂತ ಅದಲು-ಬದಲು ಸುಲಭ. ಹೆಡರನ್ನು ಪಿಡಬ್ಲ್ಯೂಎಂಗೆ ಮರಳಿಸಿ, ಸಿಸ್ಟಂ ಆಫ್ ಮಾಡಿ, ನಾಲ್ಕು ಪಿನ್ನಿನ ಕೇಸ್ ಫ್ಯಾನನ್ನು ಪ್ರೊಸೆಸರ್ ಹೆಡರಿಗೂ ಪ್ರೊಸೆಸರ್ ಫ್ಯಾನನ್ನು ಕೇಸ್ ಹೆಡರಿಗೂ ಚುಚ್ಚಿದೆ. ಕೇಸ್ ಫ್ಯಾನ್ ಹೇಳಿದಂತೆ ಕೇಳಿತು. ಪ್ರೊಸೆಸರ್ ಫ್ಯಾನ್ ಅಲ್ಲಿಯೂ ಅದೇ 2100. ಬೋರ್ಡ್ ಬಚಾವ್.

ಕನೆಕ್ಟರನ್ನು ಟಾರ್ಚ್ ಹಿಡಿದು ನೋಡಿದೆ. ಬಾಯಿಯ ಕಡೆಯಿಂದ ನಾಲ್ಕು ತೂತುಗಳಲ್ಲಿ ಮೂರರೊಳಗೆ ಲೋಹ ಹೊಳೆಯುತ್ತಿತ್ತು, ನಾಲ್ಕನೆಯದು ಕಪ್ಪಗಿತ್ತು. ನೀಲಿ ವಯರಿನ ತುದಿಯ ಟರ್ಮಿನಲ್ ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಜಾರಿತ್ತು, ಪಿನ್ನು ಒಳಹೋದರೂ ತಾಗುತ್ತಿದ್ದದ್ದು ಗಾಳಿಗೆ. ಹೋದ ತಿಂಗಳು ಧೂಳು ತೆಗೆದು ಥರ್ಮಲ್ ಪೇಸ್ಟ್ ಹಚ್ಚಲು ಕೂಲರ್ ಬಿಚ್ಚಿದ್ದವನು ನಾನೇ, ಕನೆಕ್ಟರಿನ ಪ್ಲಾಸ್ಟಿಕ್ ಹಿಡಿಯದೆ ವಯರು ಹಿಡಿದು ಎಳೆದವನೂ ನಾನೇ.

ಟರ್ಮಿನಲ್ಲನ್ನು ಒಳಗೆ ಹಿಡಿದಿಡುವುದು ಒಂದು ಪುಟ್ಟ ಲೋಹದ ನಾಲಿಗೆ, ಕನೆಕ್ಟರಿನ ಪಕ್ಕದ ಕಿಂಡಿಯಲ್ಲಿ ಅದು ಕಾಣುತ್ತದೆ. ನನ್ನದು ಚಪ್ಪಟೆಯಾಗಿತ್ತು. ಟರ್ಮಿನಲ್ಲನ್ನು ಹಿಂದಿನಿಂದ ಪೂರ್ತಿ ಹೊರಗೆಳೆದು, ಹೊಲಿಗೆ ಸೂಜಿಯಿಂದ ನಾಲಿಗೆಯನ್ನು ಕೂದಲೆಳೆಯಷ್ಟು ಮೇಲೆತ್ತಿ, ಮತ್ತೆ ತಳ್ಳಿದೆ. ಮೊದಲ ಸಲ ತಿರುಗಾಮುರುಗಾ ಹಾಕಿದ್ದೆ, ಹಿಡಿಯಲಿಲ್ಲ. ಎರಡನೇ ಸಲ ಟಿಕ್ ಎಂದು ಕೂತಿತು, ವಯರನ್ನು ಮೆಲ್ಲಗೆ ಎಳೆದರೂ ಕದಲಲಿಲ್ಲ.

ಎರಡೂ ಫ್ಯಾನುಗಳನ್ನು ಸ್ವಸ್ಥಾನಕ್ಕೆ ಸೇರಿಸಿ ಆನ್ ಮಾಡಿದೆ. ಒಮ್ಮೆ ಭರ್ರೆಂದು 780ಕ್ಕೆ ಇಳಿಯಿತು. ಆಮೇಲೆ ಹೊಸ ಕಿರಿಕಿರಿ: ಬ್ರೌಸರ್ ತೆರೆದರೆ ಸಾಕು, ಬಿಸಿ ಕ್ಷಣದಲ್ಲಿ ಏರಿ ಇಳಿಯುತ್ತದೆ, ಅದರ ಬೆನ್ನಿಗೆ ಫ್ಯಾನೂ ಏರುತ್ತಾ ಇಳಿಯುತ್ತಾ ನಿಟ್ಟುಸಿರು ಬಿಡುತ್ತಿತ್ತು. ಪ್ರಯೋಗಕ್ಕೆಂದು ತಳಕ್ಕೆಳೆದಿದ್ದ ಕರ್ವನ್ನು ಸರಿಪಡಿಸಲೂ ಬೇಕಿತ್ತು. 50 ಡಿಗ್ರಿವರೆಗೆ ಶೇ. 30ರಲ್ಲಿ ಸಪಾಟಾಗಿಟ್ಟು, 85ಕ್ಕೆ ಪೂರ್ತಿ ವೇಗ ಮುಟ್ಟುವಂತೆ ಮಾಡಿ, ವೇಗ ಏರುವ ಮೊದಲು ನಾಲ್ಕೈದು ಸೆಕೆಂಡ್ ಕಾಯುವಂತೆ ಹೇಳಿದೆ. ಈ ಸಲ ಕೇಳಿತು.