ಕೈಯಲ್ಲಿ ಜೀಟಾ ಲೆಕ್ಕ: ಬಾಲದ ತಿದ್ದುಪಡಿ, ಅಕ್ಷರಗಳ ಗೋಜಲು

ಜೀಟಾ(2) ಎಂದರೆ 1 + 1/4 + 1/9 + 1/16 ಎಂದು ಮುಗಿಯದೆ ಸಾಗುವ ಶ್ರೇಣಿ; ಆವರಣದ 2 ಎಂದರೆ ಛೇದಗಳ ಘಾತ. ಮೊತ್ತ ಪೈ ವರ್ಗದ ಆರನೇ ಒಂದು ಪಾಲು, 1.644934067. ಸುಮ್ಮನೆ ಕೂಡುತ್ತ ಹೋದರೆ ಇದು ಕೈಗೆ ಸಿಗುವುದಿಲ್ಲ. ಸಾವಿರ ಪದ ಕೂಡಿದರೂ ಮೂರನೇ ದಶಮಾಂಶ ತಪ್ಪಾಗಿಯೇ ಇರುತ್ತದೆ.

ಹಾಗಾಗಿ ನಾನು ಹತ್ತೇ ಪದ ಕೂಡಿ, ಉಳಿದ ಬಾಲಕ್ಕೆ, ಅಂದರೆ ಕೂಡದೆ ಬಿಟ್ಟ ಪದಗಳಿಗೆ, ಆಯ್ಲರ್–ಮೆಕ್ಲಾರಿನ್ ತಿದ್ದುಪಡಿ (ಮೊತ್ತವನ್ನು ಅನುಕಲನದಿಂದ ಅಂದಾಜಿಸಿ ತಿದ್ದುವ ಸೂತ್ರ) ಹಾಕುತ್ತೇನೆ. ಹತ್ತು ಪದಗಳ ಮೊತ್ತ 1.549767731. ಇದಕ್ಕೆ 1/10 ಕೂಡಿಸಿ, 1/200 ಕಳೆದು, 1/6000 ಕೂಡಿಸಿದರೆ 1.644934398. ಆಗಲೇ ಆರು ದಶಮಾಂಶ ಸರಿ. ಇನ್ನೊಂದು ತಿದ್ದುಪಡಿ, ಅಂದರೆ 30 ಲಕ್ಷದಲ್ಲಿ ಒಂದು ಭಾಗವನ್ನು ಕಳೆದರೆ 1.644934065. 1/200 ಕಳೆಯುವುದೇಕೆ ಎಂದರೆ, ಹತ್ತನೇ ಪದ ಪೂರ್ತಿಯಾಗಿ ಮೊತ್ತದಲ್ಲಿ ಸೇರಿಬಿಟ್ಟಿದೆ, 1/10 ಎಂಬ ಬಾಲದ ಅಂದಾಜಿನಲ್ಲಿ ಅದರ ಅರ್ಧ ಮತ್ತೆ ಸೇರಿರುತ್ತದೆ. ಇದರ ಚಿಹ್ನೆ ತಿರುವುಮುರುವಾಗುವುದು ಸಾಮಾನ್ಯ ತಪ್ಪು.

ಶ್ರೇಣಿ ಸಾಂತ ಮೊತ್ತಕ್ಕೆ ಬರದ ಕಡೆಯೂ ಇದೇ ಸೂತ್ರ ನಡೆಯುತ್ತದೆ, ಅದೇ ಇದರ ಸೊಗಸು. ಜೀಟಾ(1/2) ಬೇಕೆಂದರೆ 1 ರಿಂದ 100ರವರೆಗಿನ ವರ್ಗಮೂಲಗಳ ವಿಲೋಮಗಳನ್ನು ಕೂಡಿ: 18.589603825. ಅದರಿಂದ 20 ಮತ್ತು 0.05 ಕಳೆದು 0.000041667 ಸೇರಿಸಿ. −1.4603545 ಬರುತ್ತದೆ, ಏಳೂ ದಶಮಾಂಶ ಸರಿ.

ಆವರಣದಲ್ಲಿ ಸಮ್ಮಿಶ್ರ ಸಂಖ್ಯೆ (ವಾಸ್ತವ ಭಾಗ, ಕಾಲ್ಪನಿಕ ಭಾಗ ಎರಡೂ ಇರುವುದು) ಇಟ್ಟಾಗ ಎರಡು ಕಡೆ ಎಡವುತ್ತೇವೆ. ಮೊದಲನೆಯದು ಪದಗಳ ಸಂಖ್ಯೆ. ರೀಮಾನ್ ರೇಖೆ ಎಂದರೆ ವಾಸ್ತವ ಭಾಗ 1/2 ಇರುವ ಗೆರೆ; ಅದರ ಮೇಲೆ ಮೊದಲ ಸೊನ್ನೆಯ, ಅಂದರೆ ಜೀಟಾ ಸೊನ್ನೆಯಾಗುವ ಮೊದಲ ಜಾಗದ, ಎತ್ತರ (ಕಾಲ್ಪನಿಕ ಭಾಗ) 14.134725. ಅಲ್ಲಿ ಎರಡೇ ಪದ ಕೂಡಿ ನಿಲ್ಲಿಸಿದರೆ ತಿದ್ದುಪಡಿಗಳು ಕುಗ್ಗುತ್ತ ಹೋಗುವ ಬದಲು ಬೇಗನೆ ಹಿಗ್ಗತೊಡಗುತ್ತವೆ. ಪದಗಳ ಸಂಖ್ಯೆಯನ್ನು 6.28ರಿಂದ ಗುಣಿಸಿದಾಗ ಅದು ಎತ್ತರಕ್ಕಿಂತ ಸಾಕಷ್ಟು ದೊಡ್ಡದಿರಬೇಕು. 20 ಪದ ಇಟ್ಟರೆ ಮೊದಮೊದಲ ತಿದ್ದುಪಡಿಗಳಲ್ಲಿ ಒಂದೊಂದಕ್ಕೂ ಸರಿಸುಮಾರು ಎರಡಂಕಿ ನಿಖರತೆ ಸಿಗುತ್ತದೆ. ಎರಡನೆಯದು ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಉಳಿದಿರುವುದು. ಎರಡನೇ ಪದದ ಕೋನ, ಅಂದರೆ ಎತ್ತರವನ್ನು 2ರ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿದ್ದು, 9.797. ರೇಡಿಯನ್‌ನಲ್ಲಿ ಅದರ ಕೊಸೈನ್ −0.931, ಡಿಗ್ರಿಯಲ್ಲಿ 0.985. ಉತ್ತರ ಸೊನ್ನೆಯ ಹತ್ತಿರಕ್ಕೂ ಬರದಿದ್ದರೆ ಸೂತ್ರವನ್ನು ಬೈಯುವ ಮೊದಲು ಆ ಗುಂಡಿ ನೋಡಿ.

ಇನ್ನು ಗ್ರೀಕ್ ಅಕ್ಷರಗಳು. ಈ ವಿಷಯದಲ್ಲಿ ಅರ್ಧ ತಪ್ಪು ಇಲ್ಲಿಂದಲೇ ಬರುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಗ್ಯಾಮಾ ಎಂದರೆ ಆಯ್ಲರ್ ಸ್ಥಿರಾಂಕ 0.5772, ಸೊನ್ನೆಗಳ ಎತ್ತರಕ್ಕೂ ಗ್ಯಾಮಾ ಎಂದೇ ಬರೆಯುವ ರೂಢಿ. ಒಂದೇ ಪುಟದಲ್ಲಿ ಎರಡೂ ಬಂದರೆ ನಾನು ಎತ್ತರಕ್ಕೆ ಅಡಿಯಂಕಿ ಹಾಕುತ್ತೇನೆ, ಸ್ಥಿರಾಂಕವನ್ನು ಹಾಗೇ ಬಿಡುತ್ತೇನೆ. ಸಿಗ್ಮಾ ಒಮ್ಮೆ ವಾಸ್ತವ ಭಾಗ, ಇನ್ನೊಮ್ಮೆ ಭಾಜಕಗಳ ಮೊತ್ತ. ಪೈಯಂತೂ 3.14159 ಕೂಡ ಹೌದು, ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಫಂಕ್ಷನ್ ಕೂಡ ಹೌದು. ಆವರಣ ಚಿಹ್ನೆ ಇದೆಯೇ ಎಂಬುದೊಂದೇ ಗುರುತು. ರೀಮಾನ್ 1859ರ ಲೇಖನದಲ್ಲಿ ಸಣ್ಣ ಕ್ಸೈ ಬರೆದ ಫಂಕ್ಷನ್ ಈಗ ದೊಡ್ಡ ಕ್ಸೈ ಆಗಿದೆ. ಹಳೆಯ ಸೂತ್ರವನ್ನು ಹಾಗೇ ಎತ್ತಿಕೊಂಡರೆ ಲೆಕ್ಕ ತಾಳೆಯಾಗುವುದಿಲ್ಲ.

ಬರೆಯುವಾಗ ಜೀಟಾಕ್ಕೆ ಮೇಲೊಂದು ಸಣ್ಣ ಕೊಕ್ಕೆ, ಎಡಕ್ಕೆ ಬಾಗಿದ ಒಂದೇ ದೊಡ್ಡ ಹೊಟ್ಟೆ, ಗೆರೆಯ ಕೆಳಗೆ ಬಾಲ. ಕ್ಸೈಗೆ ಹೊಟ್ಟೆ ಎರಡು, ನಡುವೆ ಸೊಂಟ. ಅವಸರದಲ್ಲಿ ಸೊಂಟ ಅಳಿದರೆ ಎರಡೂ ಒಂದೇ. ಟೈಪ್ ಮಾಡುವಾಗ ಇನ್ನೊಂದು ಕಾಟವಿದೆ: ಪದದ ಕೊನೆಗೆ ಬರುವ ಸಿಗ್ಮಾ ಎಷ್ಟೋ ಫಾಂಟ್‌ಗಳಲ್ಲಿ ಜೀಟಾದಂತೆಯೇ ಕಾಣುತ್ತದೆ. ಕಣ್ಣಿಗೆ ಸರಿ, ಹುಡುಕಿದರೆ ಸಿಗದು. ಅನುಮಾನ ಬಂದಾಗ ಆ ಅಕ್ಷರವನ್ನು ನಕಲು ಮಾಡಿ ಹುಡುಕಾಟಕ್ಕೆ ಹಾಕುತ್ತೇನೆ; ಪುಟದ ಬೇರೆಲ್ಲ ಜೀಟಾಗಳನ್ನು ಬಿಟ್ಟು ಅದೊಂದೇ ಬೆಳಗಿದರೆ ಕಳ್ಳ ಸಿಕ್ಕಂತೆ.